ಸೂಚನೆ ಬರೆಯುವ ಮಗು, ಯಂತ್ರವಾಗಿ ನಿಲ್ಲುವ ಹಿರಿಯರು: ಅಲ್ಗಾರಿದಮ್ ಕಲಿಸುವ ಸಮಗ್ರ ಮಾರ್ಗದರ್ಶಿ

ಮಕ್ಕಳಿಗೆ ಅಲ್ಗಾರಿದಮ್ (ಒಂದು ಕೆಲಸವನ್ನು ಮಾಡಿ ಮುಗಿಸುವ ಹಂತಹಂತದ ಸೂಚನೆಗಳು) ಕಲಿಸಲು ಹೊರಡುವ ಅಧ್ಯಾಪಕರೂ ಪೋಷಕರೂ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮಗು ಅರ್ಧಂಬರ್ಧ ಹೇಳಿದ ಸೂಚನೆಯನ್ನು ಹಿರಿಯರು ತಮ್ಮ ತಿಳುವಳಿಕೆಯಿಂದ ಪೂರ್ತಿ ಮಾಡಿಕೊಂಡು ಕೆಲಸ ಮುಗಿಸಿಬಿಡುತ್ತಾರೆ. ಶರಬತ್ತು ಮಾಡುವ ಸೂಚನೆಯಾದರೆ ಶರಬತ್ತು ಸಿದ್ಧವಾಗುತ್ತದೆ, ತರಗತಿ ಚಪ್ಪಾಳೆ ತಟ್ಟುತ್ತದೆ, ಆದರೆ ತನ್ನ ಸೂಚನೆಯಲ್ಲಿ ಬಿಟ್ಟುಹೋದದ್ದೇನು ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ. ಅದೇ ಮಗು ಮುಂದೆ ಎಂಟನೇ ತರಗತಿಯಲ್ಲಿ ಲಿಟಲ್ ಕೈಟ್ಸ್ ಎಂಬ ಕೇರಳದ ಶಾಲೆಗಳ ಐಟಿ ಕ್ಲಬ್ ಸೇರಿ, ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರಾಚ್ ತೆರೆದಾಗ, ಬ್ಲಾಕುಗಳನ್ನು ಅಂದಾಜಿನಲ್ಲಿ ಎಳೆದೆಳೆದು ಜೋಡಿಸಿ, ಪರದೆಯ ಮೇಲೆ ಏನೋ ಒಂದು ಆಗುವವರೆಗೆ ಕಾಯುತ್ತದೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಐದರಿಂದ ಏಳನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಈ ಹಂತಗಳನ್ನು ಬರೆದಿದ್ದೇನೆ. ಮನೆಯಲ್ಲಿ ಒಂದೋ ಎರಡೋ ಮಕ್ಕಳಿಗೆ ಕಲಿಸುವವರಿಗೂ ಇದೇ ಕ್ರಮ ಸಾಕು. ಏಳನೇ ಹಂತ ಮುಗಿಯುವವರೆಗೆ ಕಂಪ್ಯೂಟರಿನ ಅಗತ್ಯವಿಲ್ಲ, ಅದನ್ನು ಅಲ್ಲಿಯವರೆಗೆ ತೆರೆಯದಿರುವುದೇ ಒಳ್ಳೆಯದು.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದ ಸಾಮಗ್ರಿ

ಗೆರೆ ಇರುವ ಕಾಗದ, ಪೆನ್ಸಿಲ್, ತಿದ್ದುವುದಕ್ಕೆ ಕೆಂಪು ಪೆನ್ನು. ನಿಂಬೆಹಣ್ಣು, ಮುಚ್ಚಳವಿರುವ ಸಕ್ಕರೆ ಡಬ್ಬಿ, ಚೊಂಬಿನಲ್ಲಿ ಕುಡಿಯುವ ನೀರು, ಸ್ಟೀಲ್ ಲೋಟ, ಚಮಚ, ಚೂರಿ. ನೆಲದ ಮೇಲೆ ಚೌಕ ಎಳೆಯಲು ಸೀಮೆಸುಣ್ಣ, ಅಡ್ಡಿಯಾಗಿ ಇಡಲು ನಾಲ್ಕಾರು ತೆಂಗಿನ ಗೆರಟೆ. ಚೆನ್ನೆಮಣೆ (ಗುಳಿಗಳಲ್ಲಿ ಕಾಯಿ ಹಾಕುತ್ತ ಆಡುವ ಮಣೆ) ಮತ್ತು 56 ಮಂಜೊಟ್ಟಿ ಕಾಯಿ (ಕೆಂಪು ಬೀಜ). ಮಣೆ ಇಲ್ಲದಿದ್ದರೆ ನೆಲದ ಮೇಲೆ ಎರಡು ಸಾಲಿನಲ್ಲಿ ಏಳೇಳು ವೃತ್ತಗಳನ್ನು ಎಳೆದು ಹುಣಸೆ ಬೀಜ ಬಳಸಬಹುದು. ಕೊನೆಗೆ, ಸುಲಿದ ಆರು ತೆಂಗಿನಕಾಯಿ, ಒಂದೇ ಬಗೆಯ ಆರು ಬಟ್ಟೆಚೀಲ ಮತ್ತು ಒಂದು ತಕ್ಕಡಿ.

ಕೆಂಪು ಪೆನ್ನನ್ನು ಮರೆಯಬಾರದು, ರಬ್ಬರನ್ನು ಕೊಡಬಾರದು. ಅಳಿಸಿ ಬರೆದರೆ ಮೊದಲ ತಪ್ಪು ಕಾಣೆಯಾಗುತ್ತದೆ. ಯಾವ ಸಾಲು ಎಲ್ಲಿ ಮುರಿದುಬಿತ್ತು ಎಂಬುದು ಕಾಗದದ ಮೇಲೆ ಉಳಿದಿರಬೇಕು.

ಹಂತ 1: ಯಂತ್ರಕ್ಕೆ ಗೊತ್ತಿರುವ ಕೆಲಸಗಳ ಪಟ್ಟಿ

ಇಲ್ಲಿ ಯಂತ್ರವೆಂದರೆ ಮಗು ಬರೆದ ಸೂಚನೆಯನ್ನು ಅಕ್ಷರಶಃ ನಡೆಸುವವರು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಮುಂದಿನ ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದೂ ಇಲ್ಲಿಂದಲೇ. "ಚಮಚ ಎತ್ತು" ಎಂದು ಮಗು ಬರೆದರೆ, "ಯಾವ ಕೈಯಿಂದ, ಎಷ್ಟು ಬೆರಳಿನಿಂದ, ಎಷ್ಟು ಎತ್ತರಕ್ಕೆ" ಎಂದು ಕೇಳುತ್ತ ಹೋಗುವುದಕ್ಕೆ ಕೊನೆಯೇ ಇಲ್ಲ. ಹಾಗೆ ಕೇಳುವ ಹಿರಿಯರು ಮಗುವನ್ನು ಪೇಚಿಗೆ ಸಿಕ್ಕಿಸುತ್ತಾರೆಯೇ ಹೊರತು ನಿಖರತೆಯನ್ನು ಕಲಿಸುವುದಿಲ್ಲ. ಕಂಪ್ಯೂಟರಿಗೂ ಕೆಲವು ಮೂಲ ಕೆಲಸಗಳು ಮೊದಲೇ ಗೊತ್ತಿರುತ್ತವೆ. ಬರೆಯುವವರು ಅವುಗಳನ್ನು ಜೋಡಿಸುತ್ತಾರೆ ಅಷ್ಟೆ.

ಆದ್ದರಿಂದ ಕಪ್ಪುಹಲಗೆಯ ಎಡಬದಿಯಲ್ಲಿ ಏಳು ಕೆಲಸಗಳನ್ನು ಬರೆದು, ಇಡೀ ಚಟುವಟಿಕೆ ಮುಗಿಯುವವರೆಗೆ ಅಳಿಸದೆ ಇಡಬೇಕು: ಎತ್ತು, ಇಡು, ತೆರೆ, ಕತ್ತರಿಸು, ಹಿಂಡು, ಸುರಿ, ಕಲಕು. ಪ್ರತಿಯೊಂದು ಕೆಲಸಕ್ಕೂ ಏನನ್ನು, ಎಲ್ಲಿಗೆ, ಎಷ್ಟು ಎಂಬ ವಿವರ ಬೇಕು ಎಂದು ಹೇಳಬೇಕು. ಪಟ್ಟಿಯಲ್ಲಿಲ್ಲದ ಕೆಲಸವನ್ನು ಯಂತ್ರ ಮಾಡುವುದಿಲ್ಲ. ಪಟ್ಟಿಯಲ್ಲಿರುವ ಕೆಲಸವನ್ನು ಹೇಗೆ ಮಾಡುವುದೆಂದು ಯಂತ್ರ ಕೇಳುವುದಿಲ್ಲ.

ನಮ್ಮ ಕಡೆಯ ತರಗತಿಗಳಿಗೆ ಇನ್ನೊಂದು ಕಾರಣದಿಂದಲೂ ಈ ಪಟ್ಟಿ ಬೇಕು. ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಹವ್ಯಕ ಕನ್ನಡ, ಮತ್ತೊಬ್ಬರದು ಮಲಯಾಳ, ಬ್ಯಾರಿ ಅಥವಾ ಕೊಂಕಣಿ. ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಕಾಗದಕ್ಕೆ ಬರುವ ಕ್ರಿಯಾಪದ ಮಾತ್ರ ಹಲಗೆಯ ಮೇಲಿನದೇ ಆಗಿರಬೇಕು ಎಂಬ ಒಪ್ಪಂದವಾದರೆ, ಗೊಂದಲ ಭಾಷೆಯಲ್ಲಿದೆಯೋ ಯೋಚನೆಯಲ್ಲಿದೆಯೋ ಎಂಬ ಅನುಮಾನ ಉಳಿಯುವುದಿಲ್ಲ.

ಹಂತ 2: ಶುರುವಿನ ಸ್ಥಿತಿ ಮತ್ತು ಮುಗಿದ ಸ್ಥಿತಿ

ಸೂಚನೆಯ ಮೊದಲ ಸಾಲಿಗೂ ಮುಂಚೆ ಮಕ್ಕಳು ಎರಡು ವಾಕ್ಯಗಳನ್ನು ಬರೆಯಬೇಕು. ಒಂದು, ಈಗ ಮೇಜಿನ ಮೇಲೆ ಏನೇನು ಯಾವ ಸ್ಥಿತಿಯಲ್ಲಿದೆ: ಡಬ್ಬಿಯ ಮುಚ್ಚಳ ಹಾಕಿದೆ, ಲೋಟ ಖಾಲಿಯಿದೆ, ನಿಂಬೆಹಣ್ಣು ಇಡಿಯಾಗಿದೆ. ಎರಡು, ಏನಾದರೆ ಕೆಲಸ ಮುಗಿಯಿತು ಎನ್ನಬಹುದು. "ಶರಬತ್ತು ರುಚಿಯಾಗಿರಬೇಕು" ಎಂಬುದು ಒಪ್ಪುವ ಮಾತಲ್ಲ, ಏಕೆಂದರೆ ಯಂತ್ರಕ್ಕೆ ನಾಲಗೆ ಇಲ್ಲ. "ಲೋಟದಲ್ಲಿ ಮುಕ್ಕಾಲು ಭಾಗ ನೀರಿರಬೇಕು, ತಳದಲ್ಲಿ ಸಕ್ಕರೆಯ ಹರಳು ಕಾಣಬಾರದು" ಎಂಬುದನ್ನು ಯಾರು ಬೇಕಾದರೂ ನೋಡಿ ಹೇಳಬಹುದು.

ಹಂತ 3: ನಿಂಬೆ ಶರಬತ್ತಿನ ಸೂಚನೆ, ಬರೆದವರ ಮೌನ

ಬೆಂಕಿ ಬೇಡದ, ಎಲ್ಲ ಮಕ್ಕಳೂ ಮನೆಯಲ್ಲಿ ನೋಡಿರುವ ಕೆಲಸವಾದ್ದರಿಂದ ಶರಬತ್ತನ್ನು ಆರಿಸಿಕೊಂಡಿದ್ದೇನೆ. ಇಬ್ಬಿಬ್ಬರು ಮಕ್ಕಳಿಗೆ ಒಂದು ಕಾಗದ ಕೊಟ್ಟು, ಸಾಲಿಗೊಂದು ಸೂಚನೆಯಂತೆ, ಸಾಲಿನ ಸಂಖ್ಯೆ ಹಾಕಿ ಬರೆಯಲು ಹೇಳಬೇಕು. ಒಂದು ಸಾಲಿನಲ್ಲಿ ಒಂದೇ ಕ್ರಿಯಾಪದ ಇರಬೇಕು. ಬರೆಯಲು ಇಪ್ಪತ್ತು ನಿಮಿಷ ಸಾಕು.

ಅನಂತರ ಅಧ್ಯಾಪಕರು ಯಂತ್ರವಾಗಿ ಮೇಜಿನ ಮುಂದೆ ನಿಲ್ಲಬೇಕು. ಮೊದಲ ಸರದಿಯಲ್ಲಿ ಈ ಪಾತ್ರವನ್ನು ಮಕ್ಕಳಿಗೆ ವಹಿಸಬಾರದು. ಗೆಳೆಯನ ಮೇಲಿನ ಪ್ರೀತಿಯಿಂದಲೋ ನಗಿಸುವ ಆಸೆಯಿಂದಲೋ ಅವರು ನಿಯಮ ಮುರಿಯುತ್ತಾರೆ. ಚೂರಿಯೂ ಹಿರಿಯರ ಕೈಯಲ್ಲೇ ಇರಬೇಕು. ಹಾಗೆಂದು ಹಣ್ಣನ್ನು ಮೊದಲೇ ಕತ್ತರಿಸಿ ಇಟ್ಟರೆ ಪಾಠದ ಬಹುಮುಖ್ಯ ತುಣುಕೊಂದು ಕೈತಪ್ಪುತ್ತದೆ.

ಈ ಹಂತಕ್ಕೆ ಎರಡೇ ನಿಯಮ. ಸೂಚನೆ ಬರೆದವರು ಬಾಯಿ ತೆರೆಯುವಂತಿಲ್ಲ. ಸೂಚನೆ ನಡೆಸುವವರು ತಲೆ ಓಡಿಸುವಂತಿಲ್ಲ.

ಏನಾಗುತ್ತದೆ ನೋಡಿ. ಕಾಗದದ ಎರಡನೇ ಸಾಲಿನಲ್ಲಿ "ನಿಂಬೆಹಣ್ಣನ್ನು ಲೋಟಕ್ಕೆ ಹಿಂಡು" ಎಂದಿದೆ. ಅಧ್ಯಾಪಕರು ಇಡೀ ಹಣ್ಣನ್ನು ಲೋಟದ ಮೇಲೆ ಹಿಡಿದು ಬೆರಳ ಗಂಟುಗಳು ಬೆಳ್ಳಗಾಗುವಷ್ಟು ಒತ್ತುತ್ತಾರೆ. ಒಂದು ಹನಿಯೂ ಬೀಳುವುದಿಲ್ಲ. ಬರೆದ ಹುಡುಗಿ ಎದ್ದು ನಿಂತು, "ಟೀಚರೇ, ಅದನ್ನು ಕತ್ತರಿಸಬೇಕಲ್ಲ!" ಎನ್ನುತ್ತಾಳೆ. "ಅದು ಎಷ್ಟನೇ ಸಾಲಿನಲ್ಲಿದೆ ಮಗಾ?" ಎಂದಷ್ಟೇ ಕೇಳಿ, ಹಣ್ಣನ್ನು ಕೆಳಗಿಟ್ಟು, ಆ ಸಾಲಿನ ಪಕ್ಕದಲ್ಲಿ ಕೆಂಪು ಗುರುತು ಹಾಕಿ, ಕಾಗದವನ್ನು ಅವಳ ಕೈಗೇ ಹಿಂತಿರುಗಿಸಬೇಕು. ವಿವರಣೆ ಕೊಡಬಾರದು, ಸರಿಯಾದ ಸಾಲನ್ನು ಹೇಳಿಕೊಡಬಾರದು. ಪ್ರತಿ ಕಾಗದವನ್ನೂ ಮೊದಲು ಮುರಿಯುವ ಸಾಲಿನವರೆಗೆ ಮಾತ್ರ ನಡೆಸಿ ನಿಲ್ಲಿಸಬೇಕು. ಮುಂದಿನ ಸಾಲುಗಳ ತಪ್ಪನ್ನು ಈಗಲೇ ತೋರಿಸಿದರೆ ಯಾವ ತಪ್ಪಿನಿಂದ ಏನಾಯಿತೆಂಬುದು ಮಗುವಿನ ಕಣ್ಣಿಗೆ ಬೀಳುವುದಿಲ್ಲ.

ಮಕ್ಕಳ ಕಾಗದದಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳಿವು. ಮುಚ್ಚಳ ತೆರೆಯದೆ ಸಕ್ಕರೆ ಎತ್ತುವುದು. "ಸಕ್ಕರೆ ಸುರಿ" ಎಂದು ಅಳತೆಯಿಲ್ಲದೆ ಬರೆಯುವುದು. ಆಗ ಯಂತ್ರ ಒಂದು ಹರಳನ್ನೂ ಹಾಕಬಹುದು, ಡಬ್ಬಿಯನ್ನೇ ಬೋರಲು ಹಾಕಬಹುದು. "ಚೆನ್ನಾಗಿ", "ಸ್ವಲ್ಪ", "ಬೇಕಾದಷ್ಟು" ಎಂಬ ಪದಗಳು. "ಅದನ್ನು ಅದರಲ್ಲಿ ಸುರಿ" ಎಂಬಂಥ ಸರ್ವನಾಮಗಳು. ಕೈಯಲ್ಲಿ ಚಮಚ ಇರುವಾಗಲೇ ಚೊಂಬು ಎತ್ತಲು ಹೇಳುವುದು. ಇವುಗಳಲ್ಲಿ ಅಳತೆಯ ದೋಷ ಬೇಗ ತಿದ್ದಿಹೋಗುತ್ತದೆ, ಸರ್ವನಾಮದ ದೋಷ ಬಹಳ ಕಾಲ ಉಳಿಯುತ್ತದೆ. "ಅದು", "ಇದು", "ಅಲ್ಲಿ" ಎಂಬ ಪದಗಳಿಗೆ ಪೂರ್ತಿ ನಿಷೇಧ ಹಾಕುವುದು ಒಳ್ಳೆಯದು.

ಎಚ್ಚರಿಕೆಯ ಚಿಹ್ನೆಗಳೂ ಇವೆ. ತರಗತಿ ನಗುತ್ತಿದ್ದು, ಬರೆದ ಮಗು ಮಾತ್ರ ತಲೆ ತಗ್ಗಿಸಿ ಕುಳಿತಿದ್ದರೆ ಯಂತ್ರದ ಪಾತ್ರ ನಾಟಕವಾಗಿದೆ ಎಂದರ್ಥ. ತಕ್ಷಣ ಸಪ್ಪೆ ಮುಖದಿಂದ, ಅಭಿನಯವಿಲ್ಲದೆ ನಡೆಸಬೇಕು. ಮಗು ಕಾಗದ ನೋಡದೆ ನಿಮ್ಮ ಮುಖ ನೋಡುತ್ತಿದ್ದರೆ ನಿಮ್ಮ ಹುಬ್ಬು ಉತ್ತರ ಹೇಳಿಕೊಡುತ್ತಿದೆ ಎಂದು ತಿಳಿಯಬೇಕು. ಇದನ್ನು ಬಹುಮಾನದ ಸ್ಪರ್ಧೆಯಾಗಿ ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಪರ್ಧೆಯೆಂದೊಡನೆ ಮಕ್ಕಳು ತಪ್ಪನ್ನು ಅಡಗಿಸುತ್ತಾರೆ, ತಪ್ಪು ಕಾಣದಿದ್ದರೆ ಈ ಪಾಠವೇ ಇಲ್ಲ.

ಹಂತ 4: ಎಣಿಸಿ ನಿಲ್ಲಿಸುವುದು, ನೋಡಿ ನಿಲ್ಲಿಸುವುದು

ಶರಬತ್ತಿನ ಕಾಗದ ಕೊನೆಯ ಸಾಲಿನವರೆಗೆ ನಡೆದ ಮೇಲೆಯೇ ಈ ಹಂತ. "ಕಲಕು" ಎಂಬ ಸಾಲನ್ನು ಕೈಗೆತ್ತಿಕೊಂಡು, ಯಾವಾಗ ನಿಲ್ಲಿಸಬೇಕು ಎಂದು ಕೇಳಬೇಕು. ಎರಡು ಉತ್ತರಗಳು ಬರುತ್ತವೆ. "10 ಸುತ್ತು ಕಲಕು" ಎಂದು ಒಬ್ಬರು, "ಸಕ್ಕರೆ ಕರಗುವವರೆಗೆ ಕಲಕು" ಎಂದು ಇನ್ನೊಬ್ಬರು. ಎರಡೂ ಲೂಪ್‌ಗಳೇ. ಲೂಪ್ ಎಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೂಚನೆ. ಮೊದಲನೆಯದು ಎಣಿಸಿ ನಿಲ್ಲುತ್ತದೆ, ಆದರೆ ಸಕ್ಕರೆ ಕರಗಿರದೆಯೂ ಇರಬಹುದು. ಎರಡನೆಯದು ಪ್ರತಿ ಸುತ್ತಿನ ಅನಂತರ ತಳವನ್ನು ನೋಡಬೇಕು, ಆ ನೋಡುವ ಸಾಲನ್ನು ಮಕ್ಕಳು ಬರೆದಿರುವುದಿಲ್ಲ.

ಈಗ ಲೋಟಕ್ಕೆ ಕರಗಲಾರದಷ್ಟು ಸಕ್ಕರೆ ಹಾಕಿ ಎರಡನೇ ಸೂಚನೆಯನ್ನು ನಡೆಸಬೇಕು. ಯಂತ್ರ ಕಲಕುತ್ತಲೇ ಇರುತ್ತದೆ. ಮಕ್ಕಳು ಚಡಪಡಿಸುವವರೆಗೆ ಕಲಕಿದರೆ, ಕೊನೆಯಿಲ್ಲದ ಲೂಪ್ ಎಂದರೇನು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಪರಿಹಾರವನ್ನು ಅವರೇ ಕಂಡುಕೊಳ್ಳಲಿ: "ಒಂದು ಸುತ್ತು ಕಲಕು, ತಳ ನೋಡು, ಹರಳು ಇಲ್ಲದಿದ್ದರೆ ನಿಲ್ಲಿಸು, 30 ಸುತ್ತಾದರೂ ಹರಳಿದ್ದರೆ ನಿಲ್ಲಿಸಿ ತಿಳಿಸು." ಒಂದು ಕೆಲಸಕ್ಕೆ ಬೇಕಾದ, ಕ್ರಮ ತಪ್ಪದ, ಎರಡರ್ಥಕ್ಕೆ ಎಡೆಗೊಡದ, ಎಲ್ಲೋ ಒಂದು ಕಡೆ ಖಂಡಿತ ಮುಗಿಯುವ ಸೂಚನೆಗಳ ಸಾಲೇ ಅಲ್ಗಾರಿದಮ್ ಎಂದು ಹೇಳಲು ಇದು ಸರಿಯಾದ ಹೊತ್ತು. ಮೊದಲೇ ಹೇಳಿದರೆ ಅದು ಬಾಯಿಪಾಠವಾಗುತ್ತದೆ.

ಹಂತ 5: ನೆಲದ ಚೌಕದಲ್ಲಿ ನಡಿಗೆ

ಅಂಗಳದಲ್ಲಿ ಅಥವಾ ಮಳೆಗಾಲವಾದರೆ ಶಾಲೆಯ ಜಗಲಿಯಲ್ಲಿ, ಒಂದೂವರೆ ಅಡಿಯ ಮನೆಗಳಿರುವ ಐದು ಸಾಲು, ಐದು ಕಂಬಸಾಲಿನ ಚೌಕ ಎಳೆಯಬೇಕು. ಸೂಚನೆಗಳು ಮೂರೇ: ಮುಂದೆ (ಎಷ್ಟು ಮನೆ), ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಈಗ ಮಕ್ಕಳೇ ಯಂತ್ರವಾಗಬಹುದು.

ಇಲ್ಲಿ ಮೂರು ತಪ್ಪುಗಳು ಬಿಡದೆ ಬರುತ್ತವೆ. ಮೊದಲನೆಯದು, ತಿರುಗುವುದನ್ನೂ ನಡೆಯುವುದನ್ನೂ ಒಂದೇ ಎಂದುಕೊಳ್ಳುವುದು; "ಎಡಕ್ಕೆ ತಿರುಗು" ಎಂದಾಗ ನಿಂತ ಮನೆಯಲ್ಲೇ ತಿರುಗಬೇಕು, ಹೆಜ್ಜೆ ಕಿತ್ತಿಡಬಾರದು. ಎರಡನೆಯದು, ಬರೆಯುವವರು ತಮ್ಮ ಎಡವನ್ನು ಬರೆಯುವುದು. ಕಡಲ ಕಡೆಗೆ, ಎಂದರೆ ಪಡುವಣಕ್ಕೆ ಮುಖ ಮಾಡಿ ನಿಂತವರ ಎಡಗೈ ತೆಂಕಣಕ್ಕಿರುತ್ತದೆ. ಅವರ ಎದುರು ಕುಳಿತು ಬರೆಯುವವರ ಎಡಗೈ ಬಡಗಣಕ್ಕಿರುತ್ತದೆ. ಬರೆಯುವವರು ಯಂತ್ರದ ಹಿಂದೆ ನಿಂತು ಬರೆಯಲಿ, ಅಥವಾ ಕಾಗದವನ್ನೇ ತಿರುಗಿಸುತ್ತ ಹೋಗಲಿ.

ಮೂರನೆಯ ತಪ್ಪು ಎಣಿಕೆಯದು, ಅದು ದೊಡ್ಡವರನ್ನೂ ಬಿಟ್ಟಿಲ್ಲ. ಆಗ್ನೇಯ ಮೂಲೆಯ ಮನೆಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತ ಮಗು ವಾಯವ್ಯ ಮೂಲೆಯನ್ನು ಸೇರಬೇಕಾದರೆ, ಸಾಲಿನಲ್ಲಿ ಐದು ಮನೆ ಇವೆ ಎಂದು ಹೆಚ್ಚಿನವರು "ಮುಂದೆ 5" ಎಂದೇ ಬರೆಯುತ್ತಾರೆ, ಯಂತ್ರ ಚೌಕದ ಹೊರಗೆ ಹೋಗಿ ನಿಲ್ಲುತ್ತದೆ. ನಿಂತ ಮನೆಯನ್ನು ಎಣಿಸಬಾರದು, ದಾಟುವ ಗೆರೆಗಳನ್ನು ಎಣಿಸಬೇಕು; ಐದು ಮನೆಗಳ ನಡುವೆ ಇರುವುದು ನಾಲ್ಕೇ ಗೆರೆ. ಸರಿಯಾದ ಸೂಚನೆ: ಮುಂದೆ 4, ಬಲಕ್ಕೆ ತಿರುಗು, ಮುಂದೆ 4.

ಇದು ಬಂದ ಮೇಲೆ ಮಗು ಹೊರಡುವ ಸಾಲಿನ ನಡುಮನೆಯಲ್ಲಿ ಒಂದು ಗೆರಟೆ ಇಡಬೇಕು. ಆಗ ಒಂದು ದಾರಿ ಹೀಗಿರಬಹುದು: ಮುಂದೆ 1, ಬಲಕ್ಕೆ, ಮುಂದೆ 1, ಎಡಕ್ಕೆ, ಮುಂದೆ 3, ಬಲಕ್ಕೆ, ಮುಂದೆ 3. ಬೇರೆ ದಾರಿಗಳೂ ಇವೆ. ಯಾವುದು ಸರಿ ಎಂಬುದಕ್ಕಿಂತ, ಯಾವುದರಲ್ಲಿ ಕಡಮೆ ತಿರುವುಗಳಿವೆ ಎಂದು ಎಣಿಸಿ ನೋಡಲು ಹೇಳಬೇಕು.

ಹಂತ 6: ಚೆನ್ನೆಮಣೆಯ ನಿಯಮವನ್ನು ಕಾಗದಕ್ಕಿಳಿಸುವುದು

ಮಳೆಗಾಲದ ಆಟಿ ತಿಂಗಳಿನಲ್ಲಿ ಅಜ್ಜಿಯ ಜೊತೆ ಚೆನ್ನೆ ಆಡಿದ ಮಕ್ಕಳಿಗೆ ನಿಯಮ ಕೈಗೆ ಗೊತ್ತಿದೆ, ಬಾಯಿಗೆ ಗೊತ್ತಿಲ್ಲ. ಕೈಗೆ ಗೊತ್ತಿದ್ದನ್ನು ಸಾಲುಗಳಾಗಿ ಬರೆಸುವುದಕ್ಕೆ ಇದಕ್ಕಿಂತ ಉತ್ತಮ ಸಾಧನ ನನಗೆ ಕಂಡಿಲ್ಲ, ಏಕೆಂದರೆ ಈ ಆಟದಲ್ಲಿ ಲೂಪ್ ಮತ್ತು ಷರತ್ತು ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ.

ನಿಯಮ ಮನೆಯಿಂದ ಮನೆಗೆ ಬದಲಾಗುತ್ತದೆ. ಒಂದು ಬಗೆಯನ್ನು ಹೀಗೆ ಬರೆಯಬಹುದು:

1. ನಿನ್ನ ಬದಿಯ 7 ಗುಳಿಗಳಲ್ಲಿ ಕಾಯಿ ಇರುವ ಒಂದನ್ನು ಆರಿಸು.
2. ಆ ಗುಳಿಯ ಎಲ್ಲ ಕಾಯಿಗಳನ್ನು ಎತ್ತಿಕೋ.
3. ಮುಂದಿನ ಗುಳಿಗೆ ಸರಿದು ಒಂದು ಕಾಯಿ ಹಾಕು. ಕೈಯಲ್ಲಿ ಕಾಯಿ ಇರುವವರೆಗೆ ಇದನ್ನೇ ಮಾಡು.
4. ಕೈ ಖಾಲಿಯಾದಾಗ, ಕೊನೆಯ ಕಾಯಿ ಬಿದ್ದ ಗುಳಿಯ ಮುಂದಿನ ಗುಳಿಯನ್ನು ನೋಡು. ಅದರಲ್ಲಿ ಕಾಯಿ ಇದ್ದರೆ ಎಲ್ಲವನ್ನೂ ಎತ್ತಿಕೊಂಡು 3ನೇ ಸಾಲಿಗೆ ಹೋಗು.
5. ಅದು ಖಾಲಿಯಿದ್ದರೆ, ಅದರ ಆಚೆಯ ಗುಳಿಯ ಕಾಯಿಗಳನ್ನು ಗೆದ್ದುಕೊಂಡು ಸರದಿ ಬಿಟ್ಟುಕೊಡು.

ಈ ಸೂಚನೆಯನ್ನು ಪರೀಕ್ಷಿಸಲು ಖಚಿತ ಉತ್ತರವೊಂದಿದೆ. 14 ಗುಳಿಗಳಲ್ಲಿ ನಾಲ್ಕು ನಾಲ್ಕು ಕಾಯಿ ಹಾಕಿ, ಮೊದಲ ಗುಳಿಯಿಂದ ಶುರುಮಾಡಿ, ಒಂದೇ ದಿಕ್ಕಿನಲ್ಲಿ ಗುಳಿಗಳಿಗೆ 1ರಿಂದ 14ರವರೆಗೆ ಸಂಖ್ಯೆ ಹಾಕಿ ನಡೆಸಿದರೆ, ಕಾಯಿ ಎತ್ತುವ ಗುಳಿಗಳು ಕ್ರಮವಾಗಿ 1, 6, 11, 2, 8, 14, 6 ಆಗುತ್ತವೆ. ಕೊನೆಯ ಕಾಯಿ 7ನೇ ಗುಳಿಗೆ ಬೀಳುತ್ತದೆ, 8 ಖಾಲಿಯಿರುತ್ತದೆ, 9ರಲ್ಲಿರುವ 6 ಕಾಯಿಗಳು ಗೆಲುವು. ಶುರುವಿನಲ್ಲಿ ಎಲ್ಲ ಗುಳಿಗಳೂ ಸಮನಾಗಿರುವುದರಿಂದ ಯಾವ ಗುಳಿಯಿಂದ ಹೊರಟರೂ ಮೊದಲ ಸರದಿಯ ಗೆಲುವು 6 ಕಾಯಿಯೇ. ಬೇರೆ ಸಂಖ್ಯೆ ಬಂದರೆ ಸೂಚನೆಯಲ್ಲೋ ನಡೆಸಿದ್ದರಲ್ಲೋ ತಪ್ಪಿದೆ. ಆಗ ಮೊದಲು ಮಣೆಯಲ್ಲಿರುವ ಮತ್ತು ಕೈಯಲ್ಲಿರುವ ಕಾಯಿಗಳನ್ನು ಕೂಡಿಸಿ 56 ಇದೆಯೇ ನೋಡಬೇಕು. ಮೊತ್ತ ತಪ್ಪಿದ್ದರೆ ಕಾಯಿ ಎಲ್ಲೋ ಉರುಳಿದೆ. ಮೊತ್ತ ಸರಿಯಿದ್ದು ಉತ್ತರ ತಪ್ಪಿದ್ದರೆ, ಕಾಯಿ ಎತ್ತಿದ ಗುಳಿಗಳ ಸಂಖ್ಯೆಯನ್ನು ಬರೆದುಕೊಂಡು ಮೊದಲಿನಿಂದ ನಡೆಸಿ, ಮೇಲಿನ ಸಾಲಿನಿಂದ ಎಲ್ಲಿ ಬೇರೆಯಾಯಿತೆಂದು ಕಂಡುಹಿಡಿಯಬೇಕು. ಡಿಬಗ್ ಮಾಡುವುದೆಂದರೆ ಇದೇ ಕೆಲಸ.

ಬದಿಯಡ್ಕದ ಮಗುವಿನ ಮನೆಯ ನಿಯಮ ಪೆರ್ಲದ ಮಗುವಿನ ಮನೆಯ ನಿಯಮಕ್ಕಿಂತ ಬೇರೆಯಾಗಿದ್ದರೆ ಎರಡನ್ನೂ ಬರೆಸಿ ಪಕ್ಕಪಕ್ಕದಲ್ಲಿಟ್ಟು, ಯಾವ ಸಾಲು ಬದಲಾಗಿದೆ ಎಂದು ಗುರುತಿಸಲು ಹೇಳಬೇಕು. ಯಾರ ನಿಯಮ ಸರಿ ಎಂಬ ಜಗಳಕ್ಕೆ ಅವಕಾಶ ಕೊಡಬೇಡಿ.

ಹಂತ 7: ಎರಡನ್ನು ಮಾತ್ರ ಹೋಲಿಸುವುದು

ಆರು ತೆಂಗಿನಕಾಯಿಗಳನ್ನು ಒಂದೇ ಬಗೆಯ ಚೀಲಗಳಲ್ಲಿ ಕಟ್ಟಿ ಸಾಲಾಗಿ ಇಡಬೇಕು. ಕಣ್ಣಿಗೆ ಕಂಡರೆ ಮಕ್ಕಳು ಅಂದಾಜು ಹೇಳಿಬಿಡುತ್ತಾರೆ, ಅದಕ್ಕಾಗಿ ಚೀಲ. ತಕ್ಕಡಿಯಲ್ಲಿ ಒಂದು ಸಲಕ್ಕೆ ಎರಡನ್ನು ಮಾತ್ರ ತೂಗಬಹುದು. ಅತಿ ಭಾರದ್ದನ್ನು ಹುಡುಕಲು ಐದು ತೂಗುಗಳು ಸಾಕು: ಗೆದ್ದದ್ದನ್ನು ಇಟ್ಟುಕೊಂಡು ಮುಂದಿನದರೊಡನೆ ತೂಗುತ್ತ ಹೋಗುವುದು. ಹಗುರದಿಂದ ಭಾರದವರೆಗೆ ಎಲ್ಲವನ್ನೂ ಜೋಡಿಸಬೇಕಾದರೆ, ಪಕ್ಕಪಕ್ಕದ ಎರಡನ್ನು ತೂಗಿ ಅದಲುಬದಲು ಮಾಡುವ ಕ್ರಮದಲ್ಲಿ ಮೊದಲ ಸುತ್ತಿಗೆ 5, ಆಮೇಲೆ 4, 3, 2, 1 ಎಂದು ಹೆಚ್ಚೆಂದರೆ 15 ತೂಗುಗಳು ಬೇಕು. ಒಂದು ಸುತ್ತಿನಲ್ಲಿ ಒಂದೂ ಅದಲುಬದಲಾಗದಿದ್ದರೆ ಅಲ್ಲಿಗೇ ನಿಲ್ಲಿಸಬಹುದು ಎಂಬುದನ್ನು ಮಕ್ಕಳೇ ಕಂಡುಕೊಳ್ಳುವವರೆಗೆ ಕಾಯಬೇಕು.

ಹಂತ 8: ಸ್ಕ್ರಾಚ್ ತೆರೆಯುವುದು

ಮೊದಲ ದಿನ ಸ್ಕ್ರಾಚ್ ಪರದೆಯ ಬೆಕ್ಕನ್ನು ಕುಣಿಸಲು ಬಿಡದೆ, ನೆಲದ ಚೌಕದಲ್ಲಿ ಮಾಡಿದ್ದನ್ನೇ ಪರದೆಯ ಮೇಲೆ ಮಾಡಿಸಬೇಕು. ಪೆನ್ ವಿಸ್ತರಣೆಯನ್ನು (ಬೆಕ್ಕು ಸಾಗಿದ ದಾರಿಯಲ್ಲಿ ಗೆರೆ ಎಳೆಯುವ ಬ್ಲಾಕುಗಳನ್ನು) ಸೇರಿಸಿ, ಎರಡನೇ ಹಂತದಲ್ಲಿ ಬರೆದಂತೆ ಶುರುವಿನ ಸ್ಥಿತಿಯನ್ನು ಮೊದಲು ಹಾಕಿಸಬೇಕು: ಹಳೆಯ ಗೆರೆಗಳನ್ನು ಅಳಿಸು, ಎಕ್ಸ್ 0 ವೈ 0ಕ್ಕೆ (ಪರದೆಯ ನಡುವಿಗೆ) ಹೋಗು, 90 ದಿಕ್ಕಿಗೆ (ಬಲಬದಿಗೆ) ಮುಖ ಮಾಡು, ಪೆನ್ ಕೆಳಗಿಡು. ಇದನ್ನು ಬಿಟ್ಟರೆ ಮೊದಲ ಸಲ ಸರಿಯಾಗಿ ಬಂದ ಚಿತ್ರ ಎರಡನೇ ಸಲ ಓರೆಯಾಗಿ, ಬೇರೆ ಜಾಗದಲ್ಲಿ ಮೂಡಬಹುದು.

ಚೌಕ ಸುಲಭ: 100 ಹೆಜ್ಜೆ ಮುಂದೆ, 90 ಡಿಗ್ರಿ ತಿರುವು, ಇದನ್ನು 4 ಸಲ. ಅನಂತರ ಸಮಬಾಹು ತ್ರಿಕೋನ ಕೇಳಬೇಕು. ತ್ರಿಕೋನದ ಒಳಕೋನ 60 ಡಿಗ್ರಿ ಎಂದು ಗಣಿತದಲ್ಲಿ ಕಲಿತ ಮಕ್ಕಳು 60 ಹಾಕುತ್ತಾರೆ, ಮುಚ್ಚದ ಆಕೃತಿಯೊಂದು ಬರುತ್ತದೆ. ಅದು ಷಟ್ಕೋನದ ಮೂರು ಬದಿಗಳು. ಆಗ ಉತ್ತರ ಹೇಳದೆ ಮಗುವನ್ನು ಎಬ್ಬಿಸಿ, ನೆಲದ ಮೇಲೆ ಎಳೆದ ತ್ರಿಕೋನದ ಗೆರೆಯ ಮೇಲೆ ನಡೆಸಬೇಕು. ಮೂಲೆಯಲ್ಲಿ ನಿಂತು ಮುಂದಿನ ಬದಿಗೆ ಮುಖ ತಿರುಗಿಸುವಾಗ, ತಾನು ತಿರುಗಿದ್ದು ಒಳಕೋನವಲ್ಲ, ಹೊರಕೋನ ಎಂಬುದು ಅದರ ಕಾಲಿಗೆ ಗೊತ್ತಾಗುತ್ತದೆ. 120 ಡಿಗ್ರಿ ಎಂದು ಅದೇ ಬಂದು ಬರೆಯುತ್ತದೆ.

ಮಗು ಸಂಖ್ಯೆಗಳನ್ನು ಸುಮ್ಮನೆ ಬದಲಾಯಿಸುತ್ತ ಅದೃಷ್ಟ ಪರೀಕ್ಷೆ ಮಾಡುತ್ತಿದ್ದರೆ, ಮೌಸ್ ತೆಗೆದಿಟ್ಟು ಕಾಗದ ಕೊಡಬೇಕು, ಐದನೇ ಹಂತಕ್ಕೆ ಮರಳಬೇಕು. ಲೂಪ್ ಬಳಸದೆ ಒಂದೇ ಬ್ಲಾಕನ್ನು ಮತ್ತೆ ಮತ್ತೆ ಜೋಡಿಸುತ್ತಿದ್ದರೆ ನಾಲ್ಕನೇ ಹಂತ ಗಟ್ಟಿಯಾಗಿಲ್ಲ. ಪಕ್ಕದವರ ಪರದೆಯನ್ನು ನೋಡಿ ನಕಲು ಮಾಡುತ್ತಿರುವ ಮಗುವನ್ನು ಗದರಬೇಡಿ. ನಕಲು ಮಾಡಿದ ಸೂಚನೆಯ ಒಂದು ಸಾಲನ್ನು ತೆಗೆದುಹಾಕಿ, ಈಗ ಏನಾಗುತ್ತದೆ ಎಂದು ನಡೆಸುವ ಮೊದಲೇ ಬರೆದುಕೊಡಲು ಹೇಳಿ. ಬರೆದದ್ದೂ ಪರದೆಯಲ್ಲಿ ಆದದ್ದೂ ಒಂದೇ ಆದರೆ ಮುಂದಿನ ಪಾಠಕ್ಕೆ ಹೋಗಬಹುದು.